ನೀರಿಲ್ಲದೆ ಓಡಿದ ಇಪ್ಪತ್ತು ನಿಮಿಷ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಕಾರಣ ನಾನೇ. ಹೆಂಡತಿ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗುವಾಗ, "ಬ್ಯಾಳಿ ಕುಕ್ಕರಿನ್ಯಾಗ ಇಟ್ಟೇನಿ, ಒಲಿ ಹಚ್ಚಿ ಬಿಡ್ರಿ" ಎಂದಿದ್ದಳು. ನಾನು ಮುಚ್ಚಳ ತಿರುವಿ, ಒಲೆ ಹಚ್ಚಿ, ದೊಡ್ಡ ಕೆಲಸ ಮಾಡಿದವನ ಹಾಗೆ ಪೇಪರ್ ಹಿಡಿದು ಕುಳಿತೆ. ಬೇಳೆಯ ಡಬ್ಬಿಯಲ್ಲಿ ನೀರಿತ್ತು. ಕುಕ್ಕರಿನ ತಳದಲ್ಲಿ ಇರಲಿಲ್ಲ. ಸೀಟಿ ಬರಲಿಲ್ಲ, ವಾಸನೆ ಬಂತು.

ಹೆಂಡತಿ ಓಡಿ ಬಂದು ಒಲೆ ಆರಿಸಿದಳು. "ತಳಕ್ಕ ನೀರ ಹಾಕಿದ್ರಿಲ್ಲೋ?" ಎಂದು ಕೇಳಿದಳು.

"ಸ್ವಲ್ಪ ಹಾಕಿದ್ದೆ," ಎಂದೆ.

 ಕುಕ್ಕರು ಆರಿದ ಮೇಲೆ ಅವಳು ಮುಚ್ಚಳ ತೆಗೆದು, ನೀಲಿ ತಿರುಗಿದ ತಳ ನೋಡಿದಳು. ಗ್ಯಾಸ್ಕೆಟ್ಟನ್ನು ಬೆರಳಿಗೆ ತೂಗಿಹಾಕಿಕೊಂಡು ನನ್ನ ಮುಂದೆ ಹಿಡಿದು, ಒಳಗೆ ಹೋದಳು. ಅರವತ್ತೇಳು ವರ್ಷದ ನಾನು, ಮೂವತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು, ಒಂದು ಲೋಟ ನೀರಿನ ವಿಷಯಕ್ಕೆ ಸುಳ್ಳು ಹೇಳಿದ್ದೆ. ಯಾರೂ ಹೊಡೆಯುವವರಿರಲಿಲ್ಲ, ಬಯ್ಯುವವರೂ ಇರಲಿಲ್ಲ. ಆದರೂ ನಾಲಿಗೆ ತಾನಾಗಿಯೇ ಹೊರಳಿತ್ತು.

ಆ ವಾಸನೆ ದಿನವಿಡೀ ಮನೆ ಬಿಟ್ಟು ಹೋಗಲಿಲ್ಲ. ಅದರ ಜೊತೆ ಇಂಜಿನ್ ರಿಪೇರಿ ಮಾಡುವ ಸವಣೂರಿನ ಖಾದರಸಾಬರೂ ನನ್ನ ತಲೆ ಬಿಟ್ಟು ಹೋಗಲಿಲ್ಲ. ಅವರ ವಿಷಯವನ್ನು ನಿಮಗೆ ಹೇಳಬೇಕು.

ನಮ್ಮದು ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಊರಿಗಿಂತ ಊರಿನ ಕೆರೆ ದೊಡ್ಡದು. ಕೆಳಗೆ ಭತ್ತದ ಗದ್ದೆಗಳು. ಕೆಲವು ವರ್ಷಗಳ ಹಿಂದೆ ಈ ಕೆರೆಗೆ ಅಂತರಗಂಗೆ ಬಂತು. ಮೊದಲ ವರ್ಷ ದಂಡೆಯಲ್ಲಿ ನಾಲ್ಕು ಗಿಡ, ತಿಳಿ ನೇರಳೆ ಬಣ್ಣದ ಹೂವು. ನಾನೇ ಒಂದು ಹೂವು ಕಿತ್ತು ತಂದು ಮನೆಯಲ್ಲಿ ಗ್ಲಾಸಿನಲ್ಲಿ ಇಟ್ಟಿದ್ದೆ. ಎರಡನೆಯ ವರ್ಷ ಅರ್ಧ ಕೆರೆ ಹಸಿರು. ಮೂರನೆಯ ವರ್ಷ ನೀರೇ ಕಾಣದಾಯಿತು. ತೂಬಿನ ಬಾಯಿಗೆ ಗಿಡಗಳು ಕಂಬಳಿಯ ಹಾಗೆ ಬಂದು ಕೂತವು. ಕೆರೆ ತುಂಬ ನೀರಿದ್ದೂ ಕಾಲುವೆಯಲ್ಲಿ ಹೆಬ್ಬೆರಳಿನಷ್ಟು ನೀರು ಹರಿಯುತ್ತಿತ್ತು.

ಊರಿನವರು ಸೇರಿ ಕೆರೆ ಸಂಘ ಮಾಡಿಕೊಂಡರು. ನಿವೃತ್ತನಾಗಿ ಮನೆಯಲ್ಲಿ ಕುಳಿತವನು, ಅರ್ಜಿ ಬರೆಯಲು ಬರುವವನು ಎಂಬ ಎರಡು ಅರ್ಹತೆಗಳ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಕಾರವಾರದ ಕಡೆ ಮೀನುಗಾರರೊಬ್ಬರು ಹಳೆಯ ಯಂತ್ರದ ದೋಣಿ ಮಾರುತ್ತಾರೆಂದು ಸುದ್ದಿ ಬಂತು. ಅದರ ಮುಂದೆ ಕಬ್ಬಿಣದ ಹಲ್ಲುಗಳ ದೊಡ್ಡ ಕುಂಟೆ ಕಟ್ಟಿದರೆ ಗಿಡಗಳನ್ನು ದಂಡೆಗೆ ನೂಕಬಹುದೆಂದು ಲೆಕ್ಕ ಹಾಕಿದವನು ನಾನೇ. ದೋಣಿ ಲಾರಿಯ ಮೇಲೆ ಬಂತು. ಶಿಗ್ಗಾವಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಹಿರಿಯರು ಲಾರಿಯನ್ನು ಒಂದು ಸುತ್ತು ಹಾಕಿ, "ಯಾವ ಸಮುದ್ರಕ್ಕ ಒಯ್ಯಾಕತ್ತೀರ್ರಿ?" ಎಂದು ಬಹಳ ಗಂಭೀರವಾಗಿ ಕೇಳಿದರು. "ನಮ್ಮೂರ ಕೆರಿಗೆ" ಎಂದೆ. ಅವರು ನಗಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿ ಹೋದರು.

ದೋಣಿಯ ಹೊಟ್ಟೆಯೊಳಗೆ ಡೀಸೆಲ್ ಇಂಜಿನ್ ಇತ್ತು. ಇಂಥ ಇಂಜಿನ್ ತಣ್ಣಗಿರಲು ಕೆರೆಯ ನೀರನ್ನೇ ಕುಡಿಯುತ್ತದೆ. ಅದರ ಮಗ್ಗುಲಲ್ಲಿ ತೆಂಗಿನ ಚಿಪ್ಪಿನಷ್ಟು ದೊಡ್ಡ ಒಂದು ಪಂಪು. ಪಂಪಿನೊಳಗೆ ಆರು ಎಲೆಗಳ ಒಂದು ರಬ್ಬರಿನ ಚಕ್ರ. ಇಂಪೆಲ್ಲರ್ ಎಂದು ಅದರ ಹೆಸರು. ಖಾದರಸಾಬರು ಅದಕ್ಕೆ ರಬ್ಬರ್ ಪಂಖಾ ಅನ್ನುತ್ತಿದ್ದರು. ಆ ಚಕ್ರ ತಿರುಗುತ್ತ ಕೆಳಗಿನಿಂದ ನೀರು ಎಳೆದು ಇಂಜಿನ್ನಿನ ಮೈಯೊಳಗೆ ನೂಕುತ್ತದೆ. ಆ ನೀರು ಬಿಸಿಯಾಗಿ, ಹೊಗೆಯ ಜೊತೆ ದೋಣಿಯ ಹಿಂದಿನ ಕೊಳವೆಯಿಂದ ಉಗುಳಿದ ಹಾಗೆ ಹೊರಗೆ ಬೀಳುತ್ತದೆ. ಕೊಳವೆ ಉಗುಳುತ್ತಿದ್ದರೆ ಎಲ್ಲ ಸರಿ. ಉಗುಳುವುದು ನಿಂತರೆ ಆ ಕ್ಷಣವೇ ಇಂಜಿನ್ ಬಂದ್ ಮಾಡಬೇಕು. ದೋಣಿ ಮಾರಿದವರು ನನಗೆ ಹೇಳಿಕೊಟ್ಟ ಮಾತು ಇದೊಂದೇ. ಇದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ದೋಣಿ ನಡೆಸುವವನೂ ನಾನೇ ಆದೆ. ಬೇರೆ ಯಾರೂ ಕೇಳಲಿಲ್ಲವೆಂದಲ್ಲ. ನಾನೇ ಯಾರಿಗೂ ಬಿಟ್ಟುಕೊಡಲಿಲ್ಲ. ಕರಿಹಲಗೆಯ ಮೇಲೆ ಇಂಜಿನ್ನಿನ ಚಿತ್ರ ಬರೆದು ಬರೆದು ಸೀಮೆಸುಣ್ಣ ಸವೆಸಿದವನಿಗೆ ಕೊನೆಗೊಮ್ಮೆ ನಿಜವಾದ ಇಂಜಿನ್ ಸಿಕ್ಕಿತ್ತು. ಅದನ್ನು ಶುರು ಮಾಡಿದಾಗ ಪಾದದಿಂದ ಮೇಲಕ್ಕೆ ಏರುವ ನಡುಕ ನನಗೆ ಬಹಳ ಹಿಡಿಸುತ್ತಿತ್ತು.

ನಾನು ಹೇಳಹೊರಟ ದಿನ ಬಂದದ್ದು ಬೇಸಿಗೆಯ ಭತ್ತಕ್ಕೆ ನೀರು ಬಿಡುವ ಮೊದಲಿನ ವಾರ. ತೂಬಿನ ಬಾಯಿ ಬಿಡಿಸುವ ಕೆಲಸ. ಏರಿಯ ಮೇಲೆ ಅರ್ಧ ಊರು ನಿಂತಿತ್ತು. ಅವರಲ್ಲಿ ಬಹಳ ಜನ ನನ್ನ ಕೈಯಲ್ಲಿ ಕಲಿತವರು, ಈಗ ಮೀಸೆ ನರೆತವರು. ನಾನು ಒಂದೊಂದು ಸಾಲು ಗಿಡಗಳನ್ನು ದಂಡೆಗೆ ನೂಕಿ ತಂದಾಗ ಅವರು ಕೊಕ್ಕೆ ಹಾಕಿ ಎಳೆದುಕೊಳ್ಳುತ್ತಿದ್ದರು. "ಸರ, ಭಾರಿ ನಡಸ್ತೀರಿ" ಎಂದು ಒಬ್ಬ ಕೂಗಿದ. ತಿರುಗಿ ನೋಡಿದಾಗ ಹಿಂದಿನ ಕೊಳವೆ ಬರೀ ಹೊಗೆ ಬಿಡುತ್ತಿತ್ತು. ನೀರಿಲ್ಲ.

ನಾನು ನೋಡಿದೆ. ನೋಡಲಿಲ್ಲವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನೋಡಿದೆ. ಗಿಡದ ಬೇರು ನೀರಿನ ಬಾಯಿಗೆ ಅಡ್ಡ ಬಂದಿರಬೇಕು, ತಾನೇ ಬಿಡಬಹುದು, ಇನ್ನೊಂದು ಸಾಲು ಆಗಲಿ ಅಂದುಕೊಂಡೆ. ನಡುವೆ ಒಮ್ಮೊಮ್ಮೆ ಕೊಳವೆ ಒಂದು ಗುಟುಕು ಉಗುಳಿ ಮತ್ತೆ ಸುಮ್ಮನಾಗುತ್ತಿತ್ತು. ಆ ಒಂದು ಗುಟುಕು ಸಾಕಿತ್ತು ನನಗೆ. ಇನ್ನೊಂದು ಸಾಲು, ಮತ್ತೊಂದು ಸಾಲು. ಏರಿಯ ಮೇಲೆ ಜನ ನಿಂತಿದ್ದರಲ್ಲ. ಕಡೆಗೆ ಹಲಗೆಗಳ ಸಂದಿನಿಂದ ರಬ್ಬರು ಸುಟ್ಟ ವಾಸನೆ ಬಂದು, ಬಿಸಿ ಗಾಳಿ ಕಾಲಿಗೆ ಹೊಡೆದಾಗ ಇಂಜಿನ್ ಬಂದ್ ಮಾಡಿದೆ. ಇಪ್ಪತ್ತು ನಿಮಿಷವಾದರೂ ಆಗಿತ್ತು. ಹಗ್ಗ ಹಾಕಿ ದೋಣಿಯನ್ನು ದಂಡೆಗೆ ಎಳೆದರು.

ಖಾದರಸಾಬರಿಗೆ ಫೋನ್ ಹೋಯಿತು. ಸವಣೂರಿನಿಂದ ಹಿರೇಕೆರೂರಿನವರೆಗೆ ನಲವತ್ತು ವರ್ಷ ಪಂಪ್‌ಸೆಟ್ಟು, ಇಂಜಿನ್ನು, ಜನರೇಟರು ರಿಪೇರಿ ಮಾಡುತ್ತ ಬಂದವರು. ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಗಳೂ ಅವರು ಬರುವವರೆಗೆ ತಮ್ಮ ಕೆಟ್ಟ ಮಷಿನ್ ಮುಟ್ಟದೆ ಕಾಯುತ್ತಿದ್ದರು. ಸಣ್ಣ ಮೈ, ಬಿಳಿ ಗಡ್ಡ, ಯಾವಾಗಲೂ ತೋಳು ಮಡಚಿದ ನೀಲಿ ಅಂಗಿ. ಹಳೆಯ ಮೊಪೆಡ್ಡಿನ ಹಿಂದೆ ಬೋಲ್ಟು ಬಿಚ್ಚುವ ಪಾನಾಗಳ ಚೀಲ. ನಮ್ಮ ದೋಣಿಯನ್ನು ನೀರಿಗಿಳಿಸುವ ದಿನ ಅವರೇ ಬಂದು ಇಂಜಿನ್ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಮೂಸಿ ನೋಡಿದಂತೆ ನೋಡಿ, "ಹೊಸಾ ದೋಸ್ತ ಸಿಕ್ಕಾನ" ಎಂದಿದ್ದರು. ಬರುವಾಗಲೆಲ್ಲ ನಮ್ಮ ಮನೆಗೆಂದು ಸವಣೂರಿನ ಕುರುಕಲು ಖಾರದ ಒಂದು ಪೊಟ್ಟಣ ತರುತ್ತಿದ್ದರು. ನಾವಿಬ್ಬರೂ ಏರಿಯ ಮೇಲೆ ಕುಳಿತು ಅದನ್ನು ಮುಗಿಸುತ್ತ ಇಂಜಿನ್ನಿನ ವಿಷಯ ಮಾತಾಡುತ್ತಿದ್ದೆವು. ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದೆ. ಅವರು ಸೌಜನ್ಯದಿಂದ ಕೇಳುತ್ತಿದ್ದರು.

ಅಂದು ಮಧ್ಯಾಹ್ನ ಬಂದವರು ಮೊದಲು ಕೇಳಿದ್ದು ಇದನ್ನೇ: "ಮಾಸ್ತರ್ರ, ನೀರ ನಿಂತ ಮ್ಯಾಲೆ ಎಷ್ಟೊತ್ತು ಓಡಿತು?"

ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. "ನಿಂತದ್ದ ನೋಡಿದ ಕೂಡ್ಲೆ ಬಂದ್ ಮಾಡಿದೆ," ಎಂದೆ.

"ಛಲೋ ಮಾಡಿದ್ರಿ," ಎಂದು ದೋಣಿಗೆ ಇಳಿದರು.

ಪಂಪಿನ ಮುಖದ ತಗಡಿಗೆ ಆರು ಸ್ಕ್ರೂ. ಬಿಚ್ಚಿದರೆ ಒಳಗೆ ಆ ಚಕ್ರ ಸುಟ್ಟ ಹಪ್ಪಳದ ಹಾಗೆ ಆಗಿತ್ತು. ಆರು ಎಲೆಗಳಲ್ಲಿ ಎರಡು ಮಾತ್ರ ಉಳಿದಿದ್ದವು. ನಾಲ್ಕು ಹರಿದು ಹೋಗಿದ್ದವು. ಹರಿದ ತುಣುಕುಗಳಲ್ಲಿ ಎರಡು ಪಂಪಿನಲ್ಲೇ ಸಿಕ್ಕವು. ಮೂರನೆಯದು ಪಂಪಿನಿಂದ ಮುಂದೆ ಹೋಗುವ ಪೈಪಿನಲ್ಲಿ ಸಿಕ್ಕಿತು. ನಾಲ್ಕನೆಯದು ಸಿಗಲಿಲ್ಲ. ಖಾದರಸಾಬರು ಪೈಪು ಕಳಚಿ ಊದಿದರು, ತಂತಿ ಹಾಕಿ ನೋಡಿದರು. ಒಂದು ಬಟ್ಟೆ ಹಾಸಿ ಮೂರೂ ತುಣುಕುಗಳನ್ನು ಚಕ್ರದ ಸುತ್ತ ಜೋಡಿಸಿ, ಖಾಲಿ ಉಳಿದ ಜಾಗವನ್ನು ಬಹಳ ಹೊತ್ತು ನೋಡಿದರು.

"ಒಂದ ಎಲಿ ಸಿಗವಲ್ದು," ಎಂದರು. "ನೀವು ಕೂಡ್ಲೆ ಬಂದ್ ಮಾಡಿದ್ರ ಇದು ದೂರ ಹೋಗಾಕ ಬರಂಗಿಲ್ಲ. ನೂಕಾಕ ನೀರ ಬೇಕಲ್ಲ?"

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ, ಆದರೆ ಬಂದದ್ದು ಬೇರೆ ಮಾತು. "ಹಳೇ ದೋಣಿ ಅಲ್ರಿ. ಆ ಎಲಿ ಮೊದಲ ಹೋಗಿತ್ತೇನೋ. ಸಮುದ್ರದಾಗ ಬಿದ್ದಿರಬೇಕು."

ದೋಣಿ ನೀರಿಗಿಳಿದ ದಿನ ಅವರು ಪಂಪಿನ ಮುಖ ತೆಗೆದು ನೋಡಿದ್ದರು. ಎಲೆ ಎಣಿಸಿದ್ದೆನೋ ಇಲ್ಲವೋ ಎಂದು ಅವರಿಗೇ ಸಂಶಯ ಬಂದ ಹಾಗಿತ್ತು. ನನ್ನ ಮುಖ ನೋಡಿದರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. "ಇರಬಹುದು ಬಿಡ್ರಿ," ಎಂದು, ನೀರಿನ ಬಾಯಿಯ ಬೇರು ಕಿತ್ತು, ಬಿಡಿಯಾಗಿ ಇಟ್ಟಿದ್ದ ಹೊಸ ಚಕ್ರ ಹಾಕಿ, ತಗಡು ಮುಚ್ಚಿದರು. ಇಂಜಿನ್ ಶುರುವಾಯಿತು. ಕೊಳವೆ ಚೆನ್ನಾಗಿ ಉಗುಳಿತು. ಸಂಜೆ ಎಲ್ಲರೂ ನಗುನಗುತ್ತ ಮನೆಗೆ ಹೋದೆವು.

ಮರುದಿನ ಒಂದು ತಾಸು ಕೆಲಸ ಆಗಿರಬೇಕು. ಕೊಳವೆ ಒಮ್ಮೆಲೇ ತೆಳ್ಳಗಾಯಿತು. ಈ ಸಲ ನಾನು ತಕ್ಷಣ ಕೈ ಹಾಕಿದೆ. ಅಷ್ಟರಲ್ಲೇ ಒಳಗೆ ಟಕ್ಕೆಂದು ಸದ್ದಾಗಿ, ಬಿಳಿ ಹೊಗೆ ಎದ್ದು, ಇಂಜಿನ್ ತಾನೇ ನಿಂತಿತು. ಖಾದರಸಾಬರು ಮತ್ತೆ ಬಂದು, ಪೈಪು ಇಂಜಿನ್ನಿಗೆ ಸೇರುವ ಮೊಣಕೈಯಂಥ ತಿರುವನ್ನು ಬಿಚ್ಚಿದರು. ನಾಲ್ಕನೆಯ ತುಣುಕು ಅಲ್ಲಿ ಅಡ್ಡ ಮಲಗಿತ್ತು. ಮೊದಲ ದಿನದ ಒಂದೊಂದು ಗುಟುಕು ನೀರು ಅದನ್ನು ಅಲ್ಲಿಯವರೆಗೆ ತಳ್ಳಿತ್ತು. ಹೊಸ ಚಕ್ರದ ಜೋರು ನೀರು ಅದನ್ನು ಬಿರಡೆಯ ಹಾಗೆ ಕೂರಿಸಿತ್ತು. ಇಂಜಿನ್ನಿನ ತಲೆಭಾಗ ಕಾದು ಸೊಟ್ಟಾಗಿತ್ತು. ಅದನ್ನು ಹುಬ್ಬಳ್ಳಿಗೆ ಒಯ್ದು ಸಮತಟ್ಟಾಗಿ ತಿಕ್ಕಿಸಿ ತರಬೇಕಿತ್ತು.

ಆ ಕಪ್ಪು ತುಣುಕನ್ನು ಅಂಗೈಯಲ್ಲಿಟ್ಟುಕೊಂಡು ಖಾದರಸಾಬರು ಏರಿ ಹತ್ತಿ ಬಂದರು. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದರು: "ಇದು ನನ್ನ ತಪ್ಪು. ಒಂದ ತುಣುಕು ಸಿಕ್ಕಿದ್ದಿಲ್ಲ. ಸಿಗದ ಮುಚ್ಚಬಾರದಿತ್ತು. ಮುಚ್ಚಿದೆ."

ಅಲ್ಲಿ ನೀಲವ್ವ ಇದ್ದಳು. ತೂಬಿನ ಮುಂದಿನ ಮೊದಲ ಎರಡು ಎಕರೆ ಅವಳದು. ತಾನೇ ಮುಂದೆ ನಿಂತು ಬೇಸಾಯ ಮಾಡುವವಳು, ಎದುರಿಗೆ ಯಾರಿದ್ದರೂ ಇದ್ದ ಮಾತನ್ನು ಇದ್ದ ಹಾಗೆ ಆಡುವವಳು. ಅವಳ ಸಸಿ ಮಡಿಯಲ್ಲಿ ಭತ್ತದ ಸಸಿ ಗೇಣುದ್ದ ಬೆಳೆದು ನೀರಿಗೆ ಕಾಯುತ್ತಿದ್ದವು. ಅವಳು ಮುಂದೆ ಬಂದು, "ಸಾಬ್ರ, ವಯಸ್ಸಾದ ಮ್ಯಾಲೆ ಮನ್ಯಾಗ ಕೂಡಬೇಕು. ನಿಮ್ಮ ಕೈ ಈಗ ಕೈಯಲ್ಲ. ನಿಮ್ಮನ್ನ ನಂಬಿ ನಾವು ಕೆಟ್ವಿ," ಎಂದಳು.

ಖಾದರಸಾಬರು ಅವಳಿಗೆ ಎದುರಾಡಲಿಲ್ಲ. "ಖರೇ ಐತಿ ಯವ್ವಾ," ಎಂದರು.

ನಾನು ಅವರಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಿಸಿಲಿತ್ತು. ಕೈಯಲ್ಲಿ ಅದೇ ನೋಟ್‌ಬುಕ್ಕಿತ್ತು. ಒಬ್ಬ ಹಳೆಯ ವಿದ್ಯಾರ್ಥಿ ನನ್ನ ಕಡೆ ವಾಲಿ, "ನೀವು ಬರೋಬ್ಬರಿ ನಡಸಿದ್ರಿ ಸರ, ಏನ್ ಮಾಡಾಕ ಬರ್ತೈತಿ," ಎಂದು ಸಮಾಧಾನ ಹೇಳಿದ. ನಾನು ಆ ಸಮಾಧಾನವನ್ನು ತೆಗೆದುಕೊಂಡೆ.

ದೋಣಿ ಹನ್ನೊಂದು ದಿನ ದಂಡೆಯಲ್ಲಿ ಕೂತಿತು. ಜನ ಎದೆಮಟ್ಟ ನೀರಿನಲ್ಲಿ ನಿಂತು ಕುಡಗೋಲಿನಿಂದ ಗಿಡ ಕೊಯ್ದು ತೂಬು ಬಿಡಿಸಿದರು. ನಾನೂ ಇಳಿದೆ. ಆ ಕೆಲಸ ಮಾಡಿದರೆ ಒಳಗಿನದು ಹಗುರಾಗುತ್ತದೆ ಅಂದುಕೊಂಡಿದ್ದೆ. ಬರೀ ಕೈಕಾಲು ತುರಿಸಿತು. ನೀಲವ್ವನ ಸಸಿ ಹಳದಿಯಾಗಿ, ಅವಳು ಬೇರೆಯವರಿಂದ ಸಸಿ ತಂದು ತಡವಾಗಿ ನಾಟಿ ಮಾಡಿದಳು. ಖಾದರಸಾಬರು ಹುಬ್ಬಳ್ಳಿಗೆ ಹೋಗಿ ಬಂದು, ಇಂಜಿನ್ ಕೂಡಿಸಿ, ನಡೆಸಿ ತೋರಿಸಿ, ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದರು. ಅಂದು ಚಹಾ ಕುಡಿಯಲಿಲ್ಲ.

ಆಮೇಲೆ ಅವರು ನಮ್ಮ ಕಡೆ ಬರಲಿಲ್ಲ. ಯಾರದೋ ಪಂಪ್‌ಸೆಟ್ಟು ಕೆಟ್ಟು ಫೋನ್ ಮಾಡಿದರೆ ಅವರ ಹೆಂಡತಿ ಮೆಹಬೂಬಿ ಎತ್ತಿ, "ಅವ್ರು ಈಗ ಇಂಜಿನ್ ಕೆಲ್ಸ ಮಾಡೂದಿಲ್ರಿ," ಅನ್ನುತ್ತಿದ್ದರಂತೆ. ಸಂತೆಯಲ್ಲಿ ಸಿಕ್ಕ ಒಬ್ಬರು ಹೇಳಿದರು: ಖಾದರಸಾಬ ಭಾವಮೈದುನನ ಎಲೆತೋಟದಲ್ಲಿ ಕುಳಿತು ವೀಳ್ಯದೆಲೆ ಕಟ್ಟುತ್ತಾನೆ. "ಕೈ ನಡುಗತೈತಿ ಅಂತಾನ, ಆದರ ನಡುಗೂದು ನಾವೇನು ಕಂಡಿಲ್ಲ," ಎಂದರು.

ಈ ಮಾತು ಕೇಳಿದ ಮೇಲೂ ನಾನು ಸವಣೂರಿಗೆ ಹೋಗಲು ಬಹಳ ದಿನ ತೆಗೆದುಕೊಂಡೆ. ಬಸ್ಸಿಗೆ ಹೋಗಿ ನಿಲ್ಲುವುದು, ಏನೋ ನೆಪ ನೆನಪಾಗಿ ಮನೆಗೆ ಬರುವುದು. ಮನುಷ್ಯನಿಗೆ ಬೇಡವಾದ ಕೆಲಸವನ್ನು ಮುಂದೂಡಲು ಎಷ್ಟು ಒಳ್ಳೊಳ್ಳೆಯ ಕಾರಣಗಳು ಸಿಗುತ್ತವೆಂಬುದು ನಿಮಗೂ ಗೊತ್ತಿರಬಹುದು. ಎಂಟು ತಿಂಗಳಾದ ಮೇಲೆ ಹೋದೆ.

ಎಲೆತೋಟದ ಒಳಗೆ ನೆರಳು, ತಂಪು, ಹಸಿ ಮಣ್ಣಿನ ವಾಸನೆ. ಖಾದರಸಾಬರು ಗೋಣಿತಟ್ಟಿನ ಮೇಲೆ ಕುಳಿತು ಎಲೆಯ ಮೇಲೆ ಎಲೆ ಇಟ್ಟು ಜೋಡಿಸುತ್ತಿದ್ದರು. ಪಕ್ಕದಲ್ಲಿ ಮೆಹಬೂಬಿ ಬಾಳೆನಾರು ಸೀಳುತ್ತಿದ್ದರು. "ಬರ್ರಿ ಮಾಸ್ತರ್ರ, ಕುಂದರ್ರಿ," ಎಂದು ಖಾದರಸಾಬರು ಸರಿದು ಜಾಗ ಮಾಡಿದರು. ನಾನು ಕುಳಿತು, ಪೀಠಿಕೆಯಿಲ್ಲದೆ ಹೇಳಿಬಿಟ್ಟೆ. ಪೀಠಿಕೆ ಶುರು ಮಾಡಿದ್ದರೆ ಅದರಲ್ಲೇ ಮುಗಿಸಿ ಎದ್ದು ಬರುತ್ತಿದ್ದೆನೆಂದು ಗೊತ್ತಿತ್ತು.

"ಖಾದರಸಾಬ್ರ, ಆ ದಿನ ನಾ ನಿಮಗ ಸುಳ್ಳು ಹೇಳಿದೆ. ನೀರ ನಿಂತದ್ದು ನೋಡಿದ್ದೆ. ನೋಡಿನೂ ಓಡಿಸಿದೆ."

ಅವರ ಕೈ ನಿಂತಿತು. "ಎಷ್ಟೊತ್ತು?"

"ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚೂ ಇರಬಹುದು."

ಅವರು ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. ಹೋಗಲಿ ಬಿಡಿ ಅನ್ನುತ್ತಾರೇನೋ ಎಂಬ ಆಸೆಯೂ ಮನಸ್ಸಿನ ಮೂಲೆಯಲ್ಲಿತ್ತು. ಅದನ್ನೂ ಅನ್ನಲಿಲ್ಲ. ಜೋಡಿಸಿದ್ದ ಎಲೆಗಳನ್ನು ಕೆಳಗಿಟ್ಟು, ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲೆ ಚಾಚಿ ನೋಡುತ್ತ ಕುಳಿತರು.

"ಎಂಟ ತಿಂಗಳು, ಮಾಸ್ತರ್ರ," ಎಂದರು ಕಡೆಗೆ. "ದಿನಾ ಆ ಪಂಪನ್ನ ಮನಸ್ಸಿನ್ಯಾಗ ಬಿಚ್ಚೇನಿ. ದಿನಾ ಮುಚ್ಚೇನಿ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ಕೂಡ್ಲೆ ಬಂದ್ ಮಾಡಿದ ಇಂಜಿನ್ನಿನ್ಯಾಗ ಎಲಿ ಅಷ್ಟ ದೂರ ಹ್ಯಾಂಗ ಹೋತು? ತಿಳೀಲಿಲ್ಲ. ತಿಳೀಲಿಲ್ಲ ಅಂದಮ್ಯಾಲೆ ನನ್ನ ಬುದ್ಧಿನ ಹೋಗೇತಿ ಅಂತ ತಿಳಕೊಂಡೆ. ನೀವು ಇಪ್ಪತ್ತ ನಿಮಿಷ ಅಂದಿದ್ರ ಆ ದಿನಾನ ಇಡೀ ಪೈಪ್ ಬಿಚ್ಚತಿದ್ದೆ. ಒಂದ ಮಾತು. ಅಷ್ಟ ಬೇಕಾಗಿತ್ತು ನನಗ."

 ಸುಳ್ಳು ಹೇಳಿದಾಗ ನಾನು ನನ್ನ ಮರ್ಯಾದೆಯನ್ನಷ್ಟೇ ಉಳಿಸಿಕೊಂಡೆ ಅಂದುಕೊಂಡಿದ್ದೆ. ಅದರ ಬದಲಿಗೆ ಒಬ್ಬ ಮನುಷ್ಯನಿಂದ ಏನನ್ನು ತೆಗೆದುಕೊಂಡಿದ್ದೆ ಎಂಬುದು ಅಲ್ಲಿ, ಆ ಗೋಣಿತಟ್ಟಿನ ಮೇಲೆ ಕುಳಿತಾಗ ಗೊತ್ತಾಯಿತು. ನಲವತ್ತು ವರ್ಷ ಪಾನಾ ಹಿಡಿದ ಕೈಯ ಮೇಲೆ ಆ ಕೈಯ ಒಡೆಯನಿಗೇ ನಂಬಿಕೆ ಹೋಗುವ ಹಾಗೆ ಮಾಡಿದ್ದೆ.

ಮಾತಾಡಿದವರು ಮೆಹಬೂಬಿ. ನಾರು ಸೀಳುವುದನ್ನು ನಿಲ್ಲಿಸದೆ ಕೇಳಿದರು: "ಮಾಸ್ತರ್ರ, ಈ ಮಾತು ಇಲ್ಲಿ ಎಲಿತೋಟಕ್ಕ ತಂದೀರಿ. ಇವ್ರು ಅಲ್ಲಿ ಏರಿ ಮ್ಯಾಲೆ ಹತ್ತ ಮಂದಿ ಮುಂದ ತಪ್ಪು ಅಂದು ಬಂದಾರ. ಆ ಹತ್ತ ಮಂದಿಗೆ ಹೇಳೀರೇನ್ರಿ?"

"ಇಲ್ರಿ. ಹೇಳ್ತೇನಿ," ಎಂದೆ.

ಮುಂದಿನ ಬೇಸಿಗೆಗೆ ಮೊದಲು ಖಾದರಸಾಬರು ತಾವಾಗಿಯೇ ಬಂದರು. ಮೊಪೆಡ್ ನಿಲ್ಲಿಸಿ, ಚೀಲ ಕೆಳಗಿಳಿಸಿ, ತಾವು ದೋಣಿಯ ಅಂಚಿನ ಮೇಲೆ ಕುಳಿತು, "ಇವತ್ತ ನೀವು ಬಿಚ್ರಿ. ನಾ ನೋಡ್ತೇನಿ," ಎಂದರು. ಅಂದು ಮೊದಲ ಸಲ ನನ್ನ ಕೈಗೆ ಗ್ರೀಸು ಹತ್ತಿತು.

ಆರು ಸ್ಕ್ರೂಗಳನ್ನು ಎದುರುಬದುರಾಗಿ ಸಡಿಲಿಸುವುದು, ಒಂದೊಂದನ್ನೂ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿ ಇಡುವುದು. ತಗಡಿನ ಹಿಂದಿನ ಕಾಗದದ ಗ್ಯಾಸ್ಕೆಟ್ಟನ್ನು ಹರಿಯದೆ ಬಿಡಿಸಲು ಉಗುರೇ ಒಳ್ಳೆಯ ಹತಾರ. ಚಕ್ರವನ್ನು ಎರಡೂ ಕಡೆಯಿಂದ ಸಮನಾಗಿ ಎಬ್ಬಿಸಬೇಕು, ಒಂದೇ ಕಡೆ ಎಬ್ಬಿಸಿದರೆ ಒಳಗೋಡೆಗೆ ಗೀರು ಬೀಳುತ್ತದೆ. ಹೊಸ ಚಕ್ರಕ್ಕೆ ಸಾಬೂನಿನ ನೀರು ಸವರಿ, ಇಂಜಿನ್ ತಿರುಗುವ ಕಡೆಗೇ ತಿರುವುತ್ತ ಒಳಗೆ ತಳ್ಳಬೇಕು. ಆಗ ಆರೂ ಎಲೆಗಳು ಒಂದೇ ದಿಕ್ಕಿಗೆ ಬಾಗಿ, ಬಸ್ಸಿನಲ್ಲಿ ಒಬ್ಬರಿಗೊಬ್ಬರು ಒತ್ತಿ ಜಾಗ ಮಾಡಿಕೊಳ್ಳುವವರ ಹಾಗೆ ಕೂಡುತ್ತವೆ. ನಾನು ಎರಡು ಸಲ ತಪ್ಪಿದೆ. ಎರಡೂ ಸಲ ಅವರು ಬೆರಳಿನಿಂದ ದಿಕ್ಕು ತೋರಿಸಿದರು. ಮೂರನೆಯ ಸಲ ಕೂತಿತು.

"ಹಳೇ ಪಂಖಾದ ಎಲಿ ಎಣಿಸಿದ್ರೇನು?" ಎಂದು ಕೇಳಿದರು.

"ಆರೂ ಅದಾವ್ರಿ."

ಅವರು ತಲೆ ಅಲ್ಲಾಡಿಸಿದರು. ಆಮೇಲೆ ಕೈ ಚಾಚಿ, ಹಳೆಯ ಚಕ್ರ ತೆಗೆದುಕೊಂಡು, ಒಂದೊಂದು ಎಲೆಯನ್ನೂ ಬಗ್ಗಿಸಿ ತಾವೇ ಎಣಿಸಿದರು.

ಇಂದಿಗೂ ಹಾಗೆಯೇ. ಅವರು ಮತ್ತೆ ಕೆಲಸ ಹಿಡಿದಿದ್ದಾರೆ. ಎಲ್ಲ ಊರುಗಳಿಗಲ್ಲ, ಸವಣೂರಿನ ಸುತ್ತ ಮತ್ತು ವರ್ಷಕ್ಕೊಮ್ಮೆ ನಮ್ಮ ಕೆರೆಗೆ. ನನ್ನೊಡನೆ ಮಾತು ಉಂಟು, ಚಹಾ ಉಂಟು, ಖಾರದ ಪೊಟ್ಟಣವೂ ಮತ್ತೆ ಬಂದಿದೆ. ಆದರೆ ಇಂಜಿನ್ನಿನ ವಿಷಯದಲ್ಲಿ ನಾನು ಏನು ಹೇಳಿದರೂ ಪೂರ್ತಿ ಕೇಳಿ, ಹೂಂ ಎಂದು, ತಾವೇ ಬಿಚ್ಚಿ ನೋಡುತ್ತಾರೆ. ಮೊದಮೊದಲು ಅದು ನನಗೆ ಚುಚ್ಚುತ್ತಿತ್ತು. ಈಗ ಅದು ಸರಿಯೆನಿಸುತ್ತದೆ.

ಮೆಹಬೂಬಿಗೆ ಕೊಟ್ಟ ಮಾತು ಮಾತ್ರ ಹಾಗೇ ಉಳಿದಿತ್ತು. ಸಂಘದ ಸಭೆಗಳು ಎಷ್ಟೋ ಆದವು. ಪ್ರತಿ ಸಭೆಗೂ ಹೇಳುವೆನೆಂದು ಹೋಗಿ, ನಡಾವಳಿ ಬರೆದುಕೊಂಡು ಬಂದೆ. ಖಾದರಸಾಬರು ಮತ್ತೆ ಬರುತ್ತಿದ್ದಾರಲ್ಲ, ಜನ ಮರೆತಿದ್ದಾರಲ್ಲ, ಈಗೇಕೆ ಕೆದಕುವುದು ಎಂಬುದು ನನ್ನ ಸಮಾಧಾನ. ಆದರೆ ಅವರು ಏರಿಯ ಮೇಲೆ ಬಂದಾಗ ನೀಲವ್ವ ಬೇರೆ ದಾರಿ ಹಿಡಿದು ಹೋಗುವುದನ್ನು ವರ್ಷ ವರ್ಷವೂ ನೋಡುತ್ತಿದ್ದೆ. ಅವಳು ತಿರುಗಿಕೊಂಡು ಹೋಗುವುದನ್ನು ಅವರೂ ನೋಡುತ್ತಿದ್ದರು. ಹೀಗೆ ಮೂರು ವರ್ಷ ಕಳೆದವು.

ಸೋಮವಾರ ಕುಕ್ಕರ್ ಸುಟ್ಟಿತು. ಬುಧವಾರ ಸಂಜೆ ಶಾಲೆಯ ಕಟ್ಟೆಯ ಮೇಲೆ ಸಭೆ. ಈ ಸಲ ಚಹಾ ಬರುವ ಮೊದಲೇ ಎದ್ದು ನಿಂತು ಹೇಳಿದೆ. ನೀರು ನಿಂತದ್ದು ನೋಡಿದ್ದು, ನೋಡಿಯೂ ಇಪ್ಪತ್ತು ನಿಮಿಷ ಓಡಿಸಿದ್ದು, ಖಾದರಸಾಬರು ಕೇಳಿದಾಗ ಸುಳ್ಳು ಹೇಳಿದ್ದು, ನಾಲ್ಕನೆಯ ತುಣುಕು ಸಿಗದಿದ್ದಾಗ ಮತ್ತೊಂದು ಸುಳ್ಳು ಸೇರಿಸಿದ್ದು, ಅವರು ತಪ್ಪು ಒಪ್ಪಿಕೊಂಡಾಗ ಸುಮ್ಮನೆ ನಿಂತಿದ್ದು.  ಮಾತು ಪಾಠ ಒಪ್ಪಿಸಿದ ಹಾಗೆ ಬಂತು.

ಜನರಿಗೆ ಅದು ಅಂಥ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. "ಆಗಿ ಹೋತು ಬಿಡ್ರಿ ಸರ," ಎಂದ ಒಬ್ಬ. ಇನ್ನೊಬ್ಬ, "ಯಾವಾಗಿನ ಮಾತು ತಗದ್ರಿ," ಎಂದು ನಕ್ಕ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ನೀಲವ್ವ ಕಂಬಕ್ಕೆ ಒರಗಿ ಸಭೆ ಮುಗಿಯುವವರೆಗೂ ಕುಳಿತಿದ್ದಳು. ಎಲ್ಲರೂ ಎದ್ದ ಮೇಲೆ ನನ್ನ ಹತ್ತಿರ ಬಂದು, "ಸಾಬ್ರ ಮನಿ ಸವಣೂರಾಗ ಎಲ್ಲಿ ಬರ್ತೈತ್ರಿ?" ಎಂದಳು.

ಹೇಳಿದೆ. ಬಸ್‌ಸ್ಟ್ಯಾಂಡಿನಿಂದ ಹಳೆಯ ಮಸೀದಿಯ ಕಡೆಗೆ ನಡೆದು, ಅದರ ಹಿಂದಿನ ಓಣಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅವಳು ಅದನ್ನು ಬಾಯಲ್ಲೇ ಒಮ್ಮೆ ಅಂದುಕೊಂಡು, ನಾಳೆ ಒಂಬತ್ತರ ಬಸ್ಸಿಗೆ ಹೋಗುವೆನೆಂದಳು.

ಇಂದು ಬೆಳಿಗ್ಗೆ ಒಂಬತ್ತಕ್ಕೆ ನಾನು ಬಸ್ಸು ನಿಲ್ಲುವಲ್ಲಿಗೆ ಹೋದಾಗ ಅವಳು ಆಗಲೇ ಬಂದು ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಹೊಸ ಅಕ್ಕಿಯನ್ನೋ ಏನನ್ನೋ ಒಯ್ಯುತ್ತಿರಬೇಕೆಂದುಕೊಂಡಿದ್ದ ನಾನು, "ಬರಿಗೈಲೆ ಹೊಂಟಿ ಏನ ನೀಲವ್ವ?" ಎಂದೆ.

"ಏನರ ಒಯ್ದರ ಅವ್ರು ಅದನ್ನ ನೋಡ್ತಾರ, ನನ್ನ ಮಾತು ಕೇಳಂಗಿಲ್ಲ," ಎಂದಳು.

ನಾನೂ ಜೊತೆಗೆ ಬರುವೆನೆಂದೆ. ಅದಕ್ಕೇ ಅಂಗಿ ಬದಲಿಸಿಕೊಂಡು ಹೋಗಿದ್ದೆ. ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಮರುಕವೂ ಇರಲಿಲ್ಲ.

"ನೀವು ಬರಬ್ಯಾಡ್ರಿ ಮಾಸ್ತರ್ರ. ಸುಳ್ಳು ಹೇಳಿದವ್ರು ನೀವು, ಖರೇ. ಆದರ ಕೈ ಕೈಯಲ್ಲ ಅಂದಾಕಿ ನಾನು. ಅದು ನಿಮ್ಮ ಬಾಯಾಗಿಂದ ಬಂದ ಮಾತಲ್ಲ. ನಿಮ್ಮದು ನೀವು ಆಡಿ ಮುಗಿಸೀರಿ. ನಂದು ನಾ ಆಡಿ ಬರ್ತೇನಿ."

ಬಸ್ಸು ಬಂತು. ಅವಳು ಹತ್ತಿ, ಮುಂದಿನ ಕಿಟಕಿಯ ಹತ್ತಿರ ಕುಳಿತು, ಸೆರಗು ಸರಿಮಾಡಿಕೊಂಡಳು. ಹಾನಗಲ್ಲಿನಲ್ಲಿ ಇಳಿದು ಸವಣೂರಿನ ಬಸ್ಸು ಹಿಡಿಯಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಓಣಿ ಮುಟ್ಟುತ್ತಾಳೆ. ಬಾಗಿಲು ತೆಗೆಯುವವರು ಬಹುಶಃ ಮೆಹಬೂಬಿಯೇ.

ನಾನು ಮನೆಗೆ ಬಂದು ಇದನ್ನು ಬರೆಯುತ್ತ ಕುಳಿತಿದ್ದೇನೆ. ಗಡಿಯಾರ ಈಗ ಒಂದೂವರೆ ತೋರಿಸುತ್ತಿದೆ. ಅಲ್ಲಿ ಏನು ಮಾತಾಗುತ್ತಿದೆಯೋ ನನಗೆ ಗೊತ್ತಿಲ್ಲ. ಖಾದರಸಾಬರಿಗೆ ಫೋನ್ ಮಾಡಿ, ನೀಲವ್ವ ಬರುತ್ತಾಳೆ ಎಂದು ಮೊದಲೇ ತಿಳಿಸೋಣ ಎಂದು ಎರಡು ಸಲ ಫೋನು ಕೈಗೆತ್ತಿಕೊಂಡೆ. ಎರಡು ಸಲವೂ ಕೆಳಗಿಟ್ಟೆ. ಅದು ಅವರಿಬ್ಬರ ಮಾತು.